ಅರ್ಧ ಮುಚ್ಚಿದ ವಾಲ್ವು, ಹದಿಮೂರು ತಿಂಗಳ ಲೆಕ್ಕ

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿರೋ ಒಂದು ಕಾಂಪ್ಲೆಕ್ಸಿನ ನೆಲಮಾಳಿಗೆಗೆ ನಾವು ನಾಲ್ವರು ಮೊದಲ ಸಲ ಇಳಿದದ್ದು ಕಳೆದ ಅಕ್ಟೋಬರಿನಲ್ಲಿ. ಫೈನಲ್ ಇಯರ್ ಪ್ರಾಜೆಕ್ಟಿಗೆ ವಾಣಿಜ್ಯ ಕಟ್ಟಡವೊಂದರ ಎನರ್ಜಿ ಆಡಿಟ್ ಮಾಡ್ತೀವಿ ಅಂತ ಬರೆದುಕೊಟ್ಟಿದ್ವಿ. ಐದು ಮಹಡಿ, ಕೆಳಗೆ ಜವಳಿ ಅಂಗಡಿ, ಪಕ್ಕದಲ್ಲೇ ಒಂದು ಬ್ಯಾಂಕ್ ಶಾಖೆ, ಮೇಲೆ ಆಫೀಸುಗಳು, ಒಂದು ಕೋಚಿಂಗ್ ಸೆಂಟರು. ಇಡೀ ಕಟ್ಟಡಕ್ಕೆ ಒಂದೇ ಏಸಿ ಪ್ಲಾಂಟು. ಪ್ಲಾಂಟ್ ನೋಡಿಕೊಳ್ಳೋ ಆಪರೇಟರ್ ಅಣ್ಣ ನಮ್ಮನ್ನ ತಣ್ಣೀರಿನ ಪಂಪಿನ ಹತ್ತಿರ ಕರ್ಕೊಂಡು ಹೋಗಿ, ಅದರ ಪಕ್ಕದ ವಾಲ್ವನ್ನ ತೋರಿಸಿದ. ಅರ್ಧ ಮುಚ್ಚಿತ್ತು. ಯಾಕಣ್ಣ ಅಂದ್ವಿ. "ಪೂರ್ತಿ ತೆಗೆದ್ರೆ ಮೋಟಾರು ಟ್ರಿಪ್ ಆಗುತ್ತೆ. ನಾನು ಬಂದಾಗಿಂದ ಹಿಂಗೇ ಐತೆ."

ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಎರಡೂ ಬ್ರಾಂಚಿನವರಿಗೆ ಇಷ್ಟು ಹೇಳಿದರೆ ಸಾಕು. ಅಗತ್ಯಕ್ಕಿಂತ ದೊಡ್ಡ ಪಂಪು ತಂದು ಕೂರಿಸಿದ್ದಾರೆ, ಅದರ ಓಟ ತಡೆಯೋಕೆ ವಾಲ್ವು ಮುಚ್ಚಿದ್ದಾರೆ. ಒಂದು ಕಾಲು ಆಕ್ಸಿಲರೇಟರ್ ಮೇಲೆ, ಇನ್ನೊಂದು ಕಾಲು ಬ್ರೇಕ್ ಮೇಲೆ ಇಟ್ಟುಕೊಂಡು ದಿನಕ್ಕೆ 12 ಗಂಟೆ ಗಾಡಿ ಓಡಿಸಿದ ಹಾಗೆ. 15 ಕಿಲೋವ್ಯಾಟಿನ ಮೋಟಾರು, ಕ್ಲ್ಯಾಂಪ್ ಮೀಟರಿನಲ್ಲಿ 13 ತೋರಿಸ್ತಿತ್ತು. ವಾಲ್ವು ಪೂರ್ತಿ ತೆರೆದು, ವಿಎಫ್‌ಡಿ ಹಾಕಿ ವೇಗವನ್ನ ಶೇಕಡಾ 80ಕ್ಕೆ ಇಳಿಸಿದರೆ ಏನಾಗುತ್ತೆ ಅನ್ನೋದು ನಾಲ್ಕನೇ ಸೆಮಿಸ್ಟರಿನ ಪಾಠ: ನೀರಿನ ಹರಿವು ವೇಗದ ಜೊತೆ ಇಳಿಯುತ್ತೆ, ವಿದ್ಯುತ್ತು ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತೆ. 0.8ರ ಘನ 0.512. ಡ್ರೈವಿನ ನಷ್ಟ ಎಲ್ಲ ಸೇರಿಸಿಕೊಂಡರೂ 8 ಕಿಲೋವ್ಯಾಟಿನಲ್ಲಿ ಕೆಲಸ ಮುಗಿಯುತ್ತೆ. ಅಂದರೆ 5 ಕಿಲೋವ್ಯಾಟ್ ಉಳಿತಾಯ. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ, 18,000 ಯೂನಿಟ್. ಲೆಕ್ಕಕ್ಕೆ ಯೂನಿಟ್ಟಿಗೆ 8 ರೂಪಾಯಿ ಅಂತಿಟ್ಟುಕೊಂಡರೆ 1,44,000 ರೂಪಾಯಿ. ಡ್ರೈವು, ಪ್ಯಾನೆಲ್ಲು, ಸೆನ್ಸರು, ಕೂಲಿ ಎಲ್ಲ ಸೇರಿ ನಮಗೆ ಸಿಕ್ಕ ಕೊಟೇಶನ್ ಒಂದೂವರೆ ಲಕ್ಷ. ಹದಿಮೂರು ತಿಂಗಳಲ್ಲಿ ದುಡ್ಡು ವಾಪಸ್. (ಇಂಪೆಲ್ಲರ್ ಟ್ರಿಮ್ ಮಾಡಿದ್ರೆ ಇನ್ನೂ ಅಗ್ಗ ಅಂತ ಮೆಕ್ಯಾನಿಕಲ್‌ನವರು ಈಗಾಗಲೇ ಗೊಣಗ್ತಿರ್ತೀರಿ. ಸರಿಯೇ. ಆದರೆ ಅಲ್ಲಿ ಏಪ್ರಿಲ್ಲಿನ ಹೊರೆಯೇ ಬೇರೆ, ಆಗಸ್ಟಿನ ಹೊರೆಯೇ ಬೇರೆ.)

ಇಂಥದ್ದನ್ನ ಯಾರು ಬೇಡ ಅಂತಾರೆ? ಎಫ್‌ಡಿ ಇಟ್ಟರೆ ವರ್ಷಕ್ಕೆ ನೂರಕ್ಕೆ ಏಳು ರೂಪಾಯಿ ಸಿಗೋದೇ ಹೆಚ್ಚು. ಇಲ್ಲಿ ನೂರಕ್ಕೆ ತೊಂಬತ್ತಾರು. ಹತ್ತು ನಿಮಿಷದಲ್ಲಿ ಒಪ್ಪಿಸಿ ಬರ್ತೀವಿ ಅಂದುಕೊಂಡು, ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು, ಹದಿನೆಂಟು ಸ್ಲೈಡಿನ ಪಿಪಿಟಿ ಹಿಡ್ಕೊಂಡು ಮಾಲೀಕರ ಹತ್ತಿರ ಹೋದ್ವಿ. ಅವರು ಕಾಫಿ ತರಿಸಿ, ಸ್ಲೈಡನ್ನೆಲ್ಲ ಸಮಾಧಾನವಾಗಿ ನೋಡಿ ಒಂದೇ ಮಾತು ಕೇಳಿದರು: "ಅಲ್ರಪ್ಪಾ, ಪ್ಲಾಂಟಿನ ಕರೆಂಟ್ ಬಿಲ್ ಬಾಡಿಗೆದಾರರು ಕಟ್ತಾರೆ. ಚದರಡಿ ಲೆಕ್ಕದಲ್ಲಿ ಮೇಂಟೆನೆನ್ಸ್ ಅಂತ ವಸೂಲಿ ಮಾಡ್ತೀವಿ. ಒಂದೂವರೆ ಲಕ್ಷ ನಾನು ಹಾಕಿದ್ರೆ ಉಳಿಯೋದು ಯಾರಿಗೆ?"

ಹದಿನೆಂಟು ಸ್ಲೈಡಿನಲ್ಲಿ ಒಂದರಲ್ಲೂ ಇದಕ್ಕೆ ಉತ್ತರ ಇರಲಿಲ್ಲ.

ಸರಿ, ಹಾಗಾದರೆ ಬಾಡಿಗೆದಾರರನ್ನೇ ಕೇಳೋಣ ಅಂತ ಮೆಟ್ಟಿಲು ಹತ್ತಿದ್ವಿ. ಕೋಚಿಂಗ್ ಸೆಂಟರಿನವರು, "ಮುಂದಿನ ವರ್ಷ ಇಲ್ಲೇ ಇರ್ತೀವೋ ಇಲ್ವೋ ಗೊತ್ತಿಲ್ಲ, ಇನ್ನೊಬ್ಬರ ಕಟ್ಟಡದ ಮೋಟಾರಿಗೆ ನಾವ್ಯಾಕೆ ದುಡ್ಡು ಹಾಕೋದು?" ಅಂದರು. ಅದೂ ನಿಜವೇ. ಕೊನೆಗೆ ಕೆಳಗಿನ ಬ್ಯಾಂಕಿಗೆ ಹೋಗಿ ಸಾಲದ ಬಗ್ಗೆ ವಿಚಾರಿಸಿದ್ವಿ. ಮ್ಯಾನೇಜರ್ ಸರ್ ಒಳ್ಳೆಯವರು, ಕೂರಿಸಿ ಮಾತಾಡಿದರು. ಅಡಮಾನ ಏನು ಅಂತ ಕೇಳಿದರು. ವಿಎಫ್‌ಡಿ ಅಂದ್ವಿ. ನಕ್ಕರು. ಗೋಡೆಯಿಂದ ಬಿಚ್ಚಿದ ಹಳೇ ಡ್ರೈವಿಗೆ ಬೆಲೆ ಕಟ್ಟೋದು ಹೇಗೆ? ಕಾರಾದರೆ ಎಳಕೊಂಡು ಹೋಗಬಹುದು, ಟ್ರ್ಯಾಕ್ಟರಾದರೂ ಅಷ್ಟೇ. ಬಾರದೇ ಇರೋ ಬಿಲ್ಲನ್ನ ಜಪ್ತಿ ಮಾಡೋಕಾಗುತ್ತಾ? ತಮಾಷೆ ಏನಂದ್ರೆ, ಆ ಶಾಖೆಯೂ ಅದೇ ಕಟ್ಟಡದ ಬಾಡಿಗೆದಾರ. ನಮ್ಮ ಅಂದಾಜಿನಲ್ಲಿ ಒಟ್ಟು ಜಾಗದ ಆರನೇ ಒಂದು ಭಾಗ ಅವರದೇ. ಅಂದರೆ ಆ ಅರ್ಧ ಮುಚ್ಚಿದ ವಾಲ್ವಿಗೆ ಅವರೂ ತಿಂಗಳಿಗೆ 2,000 ರೂಪಾಯಿ ಕಟ್ತಾ ಇದ್ದಾರೆ.

ನಮ್ಮ ಕಾಲೇಜಿನಲ್ಲಿ ಇಂಥ ಕಥೆ ಹೇಳಿದ ಕೂಡಲೇ ಬರೋ ಮಾತು ಒಂದೇ: ಜನಕ್ಕೆ ಅರಿವಿಲ್ಲ, ಜಾಗೃತಿ ಮೂಡಿಸಬೇಕು. ನಾವು ಇದನ್ನ ಒಪ್ಪೋದಿಲ್ಲ. ಆ ಕಾಂಪ್ಲೆಕ್ಸಿನಲ್ಲಿ ನಮಗೆ ಸಿಕ್ಕ ಪ್ರತಿಯೊಬ್ಬರಿಗೂ ತಮ್ಮ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಅರಿವಿಲ್ಲದವರು ಅಂದರೆ ನಾವೇ. ದುಡ್ಡು ಯಾರ ಜೇಬಿನಿಂದ ಹೋಗುತ್ತೆ, ಯಾರ ಜೇಬಿಗೆ ವಾಪಸ್ ಬರುತ್ತೆ ಅನ್ನೋದನ್ನ ನಾಲ್ಕು ವರ್ಷದಲ್ಲಿ ಯಾವ ಪೇಪರಿನಲ್ಲೂ ನಮಗೆ ಕೇಳಿಲ್ಲ, ನಾವೂ ಕೇಳಿಕೊಂಡಿಲ್ಲ.

ಈ ಎರಡು ಜೇಬು ಒಂದೇ ಆಗಿರೋ ಕಡೆ ಕೆಲಸ ಎಷ್ಟು ಸಲೀಸಾಗಿ ಆಗುತ್ತೆ ನೋಡಿ. ಇನ್ಫೋಸಿಸ್‌ನವರು ಹೈದರಾಬಾದಿನ ಪೋಚಾರಂ ಕ್ಯಾಂಪಸ್ಸಿನಲ್ಲಿ ಒಂದು ಕಟ್ಟಡವನ್ನ ಎರಡು ಸಮಭಾಗ ಮಾಡಿ, ಒಂದು ಭಾಗಕ್ಕೆ ಮಾಮೂಲಿ ಏಸಿ, ಇನ್ನೊಂದಕ್ಕೆ ಕಾಂಕ್ರೀಟಿನ ಚಾವಣಿಯೊಳಗೆ ತಣ್ಣೀರು ಹರಿಸೋ ರೇಡಿಯಂಟ್ ಕೂಲಿಂಗ್ ಹಾಕಿ ಅಳೆದರು. ಎರಡನೇ ಭಾಗ ಸುಮಾರು ಮೂರನೇ ಒಂದರಷ್ಟು ಕಡಿಮೆ ವಿದ್ಯುತ್ ತಿಂದಿತು. ಕಟ್ಟಿಸಿದವರು, ಬಿಲ್ ಕಟ್ಟೋರು, ಒಳಗೆ ಕೂರೋರು ಎಲ್ಲ ಒಂದೇ ಕಂಪನಿ. ಅವರಿಗೆ ಬೇರೆ ಯಾರನ್ನೂ ಒಪ್ಪಿಸಬೇಕಾದ ಪ್ರಮೇಯವೇ ಬರಲಿಲ್ಲ. ಆದರೆ ಪಿ.ಬಿ. ರಸ್ತೆಯ ಉದ್ದಕ್ಕೂ ಇರೋದು ಬಾಡಿಗೆ ಕಟ್ಟಡಗಳು. ಬಿಇಇಯ ಕಟ್ಟಡ ಸಂಹಿತೆ ಇಸಿಬಿಸಿ 2007ರಲ್ಲಿ ಬಂತು, 2017ರಲ್ಲಿ ಪರಿಷ್ಕರಣೆಯೂ ಆಯ್ತು. ಆದರೆ ಅದು ಮುಖ್ಯವಾಗಿ ಹೊಸದಾಗಿ ಕಟ್ಟೋರಿಗೆ. ಹಳೇ ಕಟ್ಟಡದ ನೆಲಮಾಳಿಗೆಗೆ ಇಳಿದು ವಾಲ್ವು ನೋಡೋಕೆ ಯಾರೂ ಬರೋದಿಲ್ಲ.

ಈ ಸಮಸ್ಯೆ ಹೊಸದೇನೂ ಅಲ್ಲ. ಜೇಮ್ಸ್ ವ್ಯಾಟ್ ಹೆಸರು ಕೇಳದೇ ಇರೋರು ನಮ್ಮಲ್ಲಿಲ್ಲ, ನಮ್ಮ ಯೂನಿಟ್ಟಿಗೇ ಅವನ ಹೆಸರು. ಅವನ ಎಂಜಿನ್ ಮಾರಾಟ ಆದದ್ದು ಹೇಗೆ ಅಂತ ಮಾತ್ರ ನಮ್ಮ ಯಾವ ಪುಸ್ತಕದಲ್ಲೂ ಓದಿದ ನೆನಪಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತಾಮ್ರ, ತವರದ ಗಣಿಗಳಿದ್ದವು. ಗಣಿಯ ನೀರೆತ್ತೋಕೆ ಹಳೇ ನ್ಯೂಕಾಮೆನ್ ಎಂಜಿನ್ನುಗಳಿದ್ದವು, ಅವಕ್ಕೆ ಕಲ್ಲಿದ್ದಲು ಎಷ್ಟು ಹಾಕಿದರೂ ಸಾಲದು. ಕಲ್ಲಿದ್ದಲು ಬೇರೆ ಸಮುದ್ರದ ಮೇಲಿಂದ ಬರಬೇಕಿತ್ತು. ವ್ಯಾಟ್ ಮತ್ತು ಅವನ ಪಾಲುದಾರ ಬೌಲ್ಟನ್ ಇಬ್ಬರೂ ಅಲ್ಲಿಗೆ ಹೋಗಿ ಹೇಳಿದ್ದಿಷ್ಟು: ಹಳೇ ಎಂಜಿನ್ನಿಗಿಂತ ಎಷ್ಟು ಕಲ್ಲಿದ್ದಲು ಉಳಿಯುತ್ತೋ ಅದರ ಬೆಲೆಯಲ್ಲಿ ಮೂರನೇ ಒಂದು ಭಾಗವನ್ನ ಪೇಟೆಂಟ್ ಮುಗಿಯೋವರೆಗೆ ನಮಗೆ ಕೊಡ್ತಾ ಬನ್ನಿ. ಉಳಿದ ಎರಡು ಭಾಗ ನಿಮ್ಮದು. ಇವತ್ತಿನ ಭಾಷೆಯಲ್ಲಿ ಇದು ಎಸ್ಕೋ, ಅಂದರೆ ಎನರ್ಜಿ ಸರ್ವಿಸ್ ಕಂಪನಿಯ ಹಂಚಿಕೆ ಒಪ್ಪಂದ. ಉಳಿತಾಯದಲ್ಲೇ ಸಾಲ ತೀರಿಸೋದು.

ಅಲ್ಲೂ ಜಗಳ ಶುರುವಾದದ್ದು ಇದೇ ಪ್ರಶ್ನೆಯ ಮೇಲೆ: ಉಳಿದದ್ದು ಎಷ್ಟು ಅಂತ ಹೇಳೋರು ಯಾರು? ಹಳೇ ಎಂಜಿನ್ ಈಗ ಓಡ್ತಿಲ್ಲ. ಓಡಿದ್ದರೆ ಎಷ್ಟು ತಿನ್ನುತ್ತಿತ್ತು ಅನ್ನೋದು ಊಹೆ. ಅದಕ್ಕೇ ಎಂಜಿನ್ನಿಗೆ ಹೊಡೆತ ಎಣಿಸೋ ಯಂತ್ರ ಜೋಡಿಸಿ, ಅದನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಆದರೂ ಕೆಲವು ವರ್ಷಗಳ ಮೇಲೆ ಗಣಿ ಮಾಲೀಕರಿಗೆ ಪ್ರತಿ ತಿಂಗಳು ಎಣಿಸಿ ಕೊಡೋದು ಸಂಕಟ ಅನ್ನಿಸತೊಡಗಿತು. ಎಂಜಿನ್ ಕಣ್ಣ ಮುಂದೆ ಇದೆ, ಉಳಿತಾಯ ಕಣ್ಣಿಗೆ ಕಾಣ್ತಿಲ್ಲ. ಹಣ ತಡೆಹಿಡಿದರು, ಕೋರ್ಟಿಗೆ ಹೋಯಿತು, 1800ರಲ್ಲಿ ಪೇಟೆಂಟ್ ಮುಗಿಯೋ ಹೊತ್ತಿಗಷ್ಟೇ ವ್ಯಾಜ್ಯವೂ ಮುಗಿಯಿತು. ವ್ಯಾಟ್‌ನಂಥ ವ್ಯಾಟ್‌ಗೇ ಹೀಗಾದರೆ ನಮ್ಮ ಪಿಪಿಟಿ ಯಾವ ಲೆಕ್ಕ!

ನಮ್ಮ ಕಾಂಪ್ಲೆಕ್ಸಿಗೇ ಬರೋಣ. ಡ್ರೈವ್ ಹಾಕಿದ ಮೇಲೆ ಜೂನಿನಲ್ಲಿ ಕೋಚಿಂಗ್ ಸೆಂಟರಿಗೆ ಹೊಸ ಬ್ಯಾಚು ಬರುತ್ತೆ, ಬಿಲ್ ಏರುತ್ತೆ. ಬಾಡಿಗೆದಾರರು ಎಲ್ಲಿ ಉಳೀತು ಅಂತಾರೆ. ಒಂದು ಮಹಡಿ ಖಾಲಿಯಾದರೆ ಬಿಲ್ ಇಳಿಯುತ್ತೆ, ಆಗ ಎಸ್ಕೋದವರು ನೋಡಿ ನಮ್ಮಿಂದಲೇ ಅಂತಾರೆ. 2020ರಲ್ಲಿ ಆಫೀಸುಗಳೆಲ್ಲ ಬಾಗಿಲು ಹಾಕಿದಾಗ ಬಿಲ್ಲುಗಳು ನೆಲ ಕಚ್ಚಿದವಲ್ಲ, ಅದು ಯಾರ ಉಳಿತಾಯ? ಇಂಥದ್ದಕ್ಕೆಲ್ಲ ಅಂತಾರಾಷ್ಟ್ರೀಯವಾಗಿ ಒಪ್ಪಿಕೊಂಡ ಐಪಿಎಂವಿಪಿ ಅನ್ನೋ ಅಳತೆಯ ಕ್ರಮ ಇದೆ. ಹಿಂದಿನ ಬಳಕೆಯನ್ನ ಹವಾಮಾನ, ಜನಸಂಖ್ಯೆ, ಕೆಲಸದ ಗಂಟೆಗೆ ಸರಿಹೊಂದಿಸಿ, ಆಮೇಲಿನ ಬಳಕೆಯ ಜೊತೆ ಹೋಲಿಸೋದು. ಇಡೀ ಕಟ್ಟಡದ ಬಿಲ್ಲನ್ನೇ ಹಿಡಿದು ಹೋಲಿಸಬಹುದು, ಇಲ್ಲವೇ ಬದಲಾಯಿಸಿದ ಯಂತ್ರವನ್ನಷ್ಟೇ ಬೇರೆ ಮಾಡಿ ಅಳೆಯಬಹುದು. ಸಣ್ಣ ಕಟ್ಟಡಗಳಲ್ಲಿ ಎರಡನೆಯದೇ ಸರಿ ಅಂತ ನಮ್ಮ ಅಭಿಪ್ರಾಯ. ಪಂಪಿಗೊಂದು ಬೇರೆ ಮೀಟರು ಹಾಕಿ, ಸೀಲ್ ಮಾಡಿ. ಮೇಲಿನ ಮಹಡಿಯಲ್ಲಿ ಮದುವೆಯೇ ನಡೀಲಿ, ಪಂಪಿನ ಲೆಕ್ಕ ಪಂಪಿಗೆ.

ನಂಬಿಕೆ ಕೆಡಿಸೋರೂ ಕಡಿಮೆಯೇನಿಲ್ಲ. ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ ಶೇಕಡಾ 40 ಇಳಿಯುತ್ತೆ ಅಂತ ಮಾರೋ ಪೆಟ್ಟಿಗೆ ನೀವೂ ನೋಡಿರ್ತೀರಿ. ಬಿಚ್ಚಿದರೆ ಒಳಗೆ ಒಂದು ಕೆಪಾಸಿಟರು, ಒಂದು ಹಸಿರು ದೀಪ. ಮನೆಯ ಮೀಟರು ಎಣಿಸೋದು ಕಿಲೋವ್ಯಾಟ್ ಅವರ್ ಮಾತ್ರ, ಪವರ್ ಫ್ಯಾಕ್ಟರ್ ತಿದ್ದಿದರೆ ಆ ಬಿಲ್ಲಿಗೆ ಏನೂ ಆಗೋದಿಲ್ಲ. ಜವಳಿ ಅಂಗಡಿಯ ಯಜಮಾನರು ಅಂಥದ್ದೊಂದನ್ನ ಹಿಂದೆ ಕೊಂಡು ಮೋಸ ಹೋಗಿದ್ದರಂತೆ. ನಾವು 'ಉಳಿತಾಯ' ಅನ್ನೋ ಪದ ಬಾಯಿಬಿಟ್ಟ ಕೂಡಲೇ ಅವರ ಮುಖ ಯಾಕೆ ಹಾಗಾಯ್ತು ಅನ್ನೋದು ಆಮೇಲೆ ಗೊತ್ತಾಯ್ತು.

ದೊಡ್ಡ ಕಟ್ಟಡಗಳಲ್ಲಿ ಇದು ನಡೆದಿದೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ 1931ರದ್ದು. 2009ರಲ್ಲಿ ಅದರ ನವೀಕರಣದ ಜೊತೆಗೇ ಇಂಧನ ದಕ್ಷತೆಯ ಕೆಲಸವನ್ನೂ ಸೇರಿಸಿದರು. 6,514 ಕಿಟಕಿಗಳ ಗಾಜನ್ನ ಕಟ್ಟಡದ ಒಳಗೇ ಬಿಚ್ಚಿ, ನಡುವೆ ಒಂದು ಪದರ ಸೇರಿಸಿ ಮತ್ತೆ ಕೂರಿಸಿದರು. ಗುರಿ ಶೇಕಡಾ 38ರಷ್ಟು ಕಡಿತ, ವರ್ಷಕ್ಕೆ 44 ಲಕ್ಷ ಡಾಲರ್ ಉಳಿತಾಯ. ಕೆಲಸ ಮಾಡಿದ ಕಂಪನಿ ಉಳಿತಾಯಕ್ಕೆ ಗ್ಯಾರಂಟಿಯನ್ನೂ ಬರೆದುಕೊಟ್ಟಿತು. ನಮಗೆ ಹಿಡಿಸಿದ ಸಂಗತಿ ಬೇರೆ. ಇಡೀ ನವೀಕರಣದ ಖರ್ಚು 50 ಕೋಟಿ ಡಾಲರಿಗೂ ಮೇಲೆ. ಇಂಧನ ದಕ್ಷತೆಗೆ ಅಂತ ಹೆಚ್ಚಿಗೆ ತಗುಲಿದ್ದು ಸುಮಾರು 1.3 ಕೋಟಿ ಡಾಲರ್ ಮಾತ್ರ. ಕಿಟಕಿ ಸರಿ ಮಾಡಿ ಒಳಗಿನ ಬಿಸಿ ಇಳಿಸಿದ್ದರಿಂದ ಹೊಸ ದೊಡ್ಡ ಚಿಲ್ಲರುಗಳ ಖರ್ಚೇ ತಪ್ಪಿತು. ಹೇಗಿದ್ದರೂ ದುಡ್ಡು ಬಿಚ್ಚೋ ಸಮಯ ನೋಡಿ ಬಾಗಿಲು ತಟ್ಟಿದ್ದರು. ನಮ್ಮ ಕಾಂಪ್ಲೆಕ್ಸಿನ ಚಿಲ್ಲರೂ ಹಳೇದೇ, ಒಂದು ಟನ್ ತಂಪಿಗೆ ಒಂದು ಕಿಲೋವ್ಯಾಟಿನ ಹತ್ತಿರ ತಿನ್ನುತ್ತೆ. ಹೊಸದು 0.6ರಲ್ಲಿ ಮುಗಿಸುತ್ತೆ. ಆದರೂ ಅದನ್ನ ಈಗಲೇ ಬದಲಾಯಿಸಿ ಅಂತ ನಾವು ವರದಿಯಲ್ಲಿ ಬರೆದಿಲ್ಲ. ಅದು ಕೆಟ್ಟು ನಿಂತ ದಿನ ತೆಗೆಯೋಕೆ ಅಂತ ಒಂದು ಹಾಳೆ ಮಾತ್ರ ಬರೆದಿಟ್ಟು ಬಂದಿದ್ದೀವಿ. ಆ ದಿನ ಮಾಲೀಕರು ಗಾಬರಿಯಲ್ಲಿ ಯಾವುದು ಬೇಗ ಸಿಗುತ್ತೋ ಅದನ್ನ ತರಬಾರದು.

ತೀರಾ ಸಣ್ಣದರಲ್ಲೂ ನಡೆದಿದೆ. ಸರ್ಕಾರಿ ಒಡೆತನದ ಇಇಎಸ್‌ಎಲ್ ಕೋಟಿಗಟ್ಟಲೆ ಎಲ್ಇಡಿ ಬಲ್ಬುಗಳನ್ನ ಒಟ್ಟಿಗೆ ಖರೀದಿ ಮಾಡಿ, 2014ರಲ್ಲಿ 310 ರೂಪಾಯಿ ಇದ್ದ ಖರೀದಿ ದರವನ್ನ ಎರಡು ಮೂರು ವರ್ಷದಲ್ಲಿ 38ಕ್ಕೆ ಇಳಿಸಿತು. ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಅನ್ನೋ ಹೆಸರಿನಲ್ಲಿ ಹಂಚಿದ ಬಲ್ಬುಗಳು ಅವೇ. ಆದರೆ ಬಲ್ಬು ಎಲ್ಲ ಮನೆಗೂ ಒಂದೇ. ಪಂಪು ಹಾಗಲ್ಲ, ಪ್ರತಿ ನೆಲಮಾಳಿಗೆಯದೂ ಒಂದೊಂದು ಕಥೆ.

ಹೀಗೆ ಮೇಲೂ ಅಲ್ಲದ ಕೆಳಗೂ ಅಲ್ಲದ ನಡುವಿನವರು, ಅಂದರೆ ನಮ್ಮೂರಿನಂಥ ಊರಿನ ಐದು ಮಹಡಿಯ ಕಾಂಪ್ಲೆಕ್ಸುಗಳು, ನರ್ಸಿಂಗ್ ಹೋಮುಗಳು, ಕಲ್ಯಾಣ ಮಂಟಪಗಳು, ಯಾರ ಕಣ್ಣಿಗೂ ಬೀಳೋದಿಲ್ಲ. ಕಾರಣ ತಂತ್ರಜ್ಞಾನ ಅಲ್ಲ. ಒಂದೂವರೆ ಲಕ್ಷದ ಕೆಲಸಕ್ಕೆ ಆಡಿಟರ್ ಫೀಸು, ಒಪ್ಪಂದ ಬರೆಯೋ ವಕೀಲರ ಫೀಸು, ವರ್ಷಪೂರ್ತಿ ಅಳೆದು ವರದಿ ಕೊಡೋರ ಫೀಸು ಸೇರಿಸಿ ನೋಡಿ. ಕೋಳಿಗಿಂತ ಮಸಾಲೆಯ ಖರ್ಚೇ ಜಾಸ್ತಿ ಆಗುತ್ತೆ. ಎಸ್ಕೋಗಳು ಮಾಲು, ದೊಡ್ಡ ಆಸ್ಪತ್ರೆ, ಬೀದಿದೀಪಗಳ ಕಡೆ ಹೋಗೋದು ಇದಕ್ಕೇ. ಬ್ಯಾಂಕುಗಳಿಗೆ ಧೈರ್ಯ ಬರಲಿ ಅಂತ ಬಿಇಇ ಭಾಗಶಃ ಸಾಲದ ಗ್ಯಾರಂಟಿ ನಿಧಿಯನ್ನೂ ಮಾಡಿದೆ, ಒಳ್ಳೆಯದೇ. ಆದರೆ ಒಂದೂವರೆ ಲಕ್ಷದ ಫೈಲು ಹಿಡ್ಕೊಂಡು ಆ ಬಾಗಿಲಿನವರೆಗೆ ಹೋಗೋರು ಯಾರು?

ನಾವು ಹೇಳಬೇಕು ಅಂದುಕೊಂಡದ್ದು ಇಲ್ಲಿದೆ. ಆ ಅಳೆಯೋ ಕೆಲಸವನ್ನ ಅಗ್ಗವಾಗಿ ಮಾಡಬಲ್ಲ ಜನ ಊರಲ್ಲಿ ಯಾರಾದರೂ ಇದ್ದರೆ ಅದು ನಾವೇ, ಎಂಜಿನಿಯರಿಂಗ್ ಕಾಲೇಜಿನವರು. ಮೀಟರುಗಳು ಲ್ಯಾಬಿನಲ್ಲಿವೆ. ಲೆಕ್ಕ ಬರುತ್ತೆ. ಕಾಲೇಜಿನ ಸೀಲಿಗೆ ಊರಲ್ಲಿ ಇನ್ನೂ ಮರ್ಯಾದೆ ಇದೆ, ಮಾಲೀಕರೂ ಬಾಡಿಗೆದಾರರೂ ಇಬ್ಬರೂ ನಂಬೋ ಮೂರನೆಯವರು ಅಂದರೆ ನಾವೇ ಆಗಬಹುದು. ಆದರೆ ನಮ್ಮ ಪ್ರಾಜೆಕ್ಟುಗಳ ಆಯುಷ್ಯ ಎಂಟು ತಿಂಗಳು. ಅಕ್ಟೋಬರಿನಲ್ಲಿ ಶುರು, ಮೇನಲ್ಲಿ ಬೈಂಡಿಂಗು, ಆಮೇಲೆ ಡಿಪಾರ್ಟ್‌ಮೆಂಟಿನ ಬೀರು. ಮುಂದಿನ ಬ್ಯಾಚು ಮತ್ತೆ ಸೊನ್ನೆಯಿಂದ. ನಮಗೂ ರಿವ್ಯೂನಲ್ಲಿ ಕೇಳಿದ ಪ್ರಶ್ನೆ, "ಇದ್ರಲ್ಲಿ ಹೊಸದೇನಿದೆ?" ಅಂತ. ಒಂದು ಐಓಟಿ ಬೋರ್ಡು ಸೇರಿಸಿ, ಚೆನ್ನಾಗಿ ಕಾಣುತ್ತೆ ಅಂತ ಸಲಹೆಯೂ ಬಂತು. ಸೇರಿಸಿದ್ವಿ, ಸುಳ್ಳು ಹೇಳೋದಿಲ್ಲ. ಮಾರ್ಕ್ಸ್ ಬಂತು. ಪಂಪಿಗೆ ಅದರಿಂದ ಏನೂ ಆಗಲಿಲ್ಲ.

ಪ್ರಾಜೆಕ್ಟನ್ನ ಬ್ಯಾಚಿನಿಂದ ಬ್ಯಾಚಿಗೆ ದಾಟಿಸೋಕೆ ಅವಕಾಶ ಕೊಡಿ ಅಂತ ನಾವು ಕೇಳ್ತಿದ್ದೀವಿ. ಒಂದು ಬ್ಯಾಚು ಹಿಂದಿನ ಬಳಕೆ ಅಳೆಯಲಿ, ಮುಂದಿನವರು ಬದಲಾವಣೆ ಆದ ಮೇಲಿನದನ್ನ ಅಳೆಯಲಿ. ಎಂಬಿಎ ವಿಭಾಗ ನಮ್ಮ ಪಕ್ಕದ ಬ್ಲಾಕಿನಲ್ಲೇ ಇದೆ, ಅವರಿಂದ ಇಬ್ಬರನ್ನ ಸೇರಿಸಿಕೊಂಡರೆ ಒಪ್ಪಂದದ ಕರಡು ಬರೆಯೋಕೆ ಸುಲಭ. ವಿದ್ಯಾರ್ಥಿಗಳ ಮಾತಿನ ಮೇಲೆ ಯಾರು ದುಡ್ಡು ಹಾಕ್ತಾರೆ, ಹೆಚ್ಚುಕಡಿಮೆ ಆದರೆ ಹೊಣೆ ಯಾರದು ಅಂತ ನಮ್ಮ ಗೈಡ್ ಕೇಳಿದರು. ನ್ಯಾಯವಾದ ಪ್ರಶ್ನೆ. ಗ್ಯಾರಂಟಿ ನಾವು ಕೊಡೋಕಾಗಲ್ಲ, ಕೊಡಲೂಬಾರದು. ಅದು ಡ್ರೈವ್ ಹಾಕೋ ಗುತ್ತಿಗೆದಾರರ ಕೆಲಸ. ಮೀಟರು ಓದಿ, ಬರೆದು, ಸಹಿ ಹಾಕೋದಷ್ಟೇ ನಮ್ಮದು.

ಫೆಬ್ರವರಿಯಲ್ಲಿ ಪಿಪಿಟಿಯನ್ನ ಪಕ್ಕಕ್ಕಿಟ್ಟು, ಒಂದೇ ಹಾಳೆ ತಗೊಂಡು ಮತ್ತೆ ಮಾಲೀಕರ ಹತ್ತಿರ ಹೋದ್ವಿ. ಆ ಹಾಳೆಯಲ್ಲಿ ಪೇಬ್ಯಾಕ್ ಅನ್ನೋ ಪದವೇ ಇರಲಿಲ್ಲ. ಒಂದೂವರೆ ಲಕ್ಷ ನೀವು ಹಾಕಿ. ಪಂಪಿನ ಉಳಿತಾಯ ತಿಂಗಳಿಗೆ ಸರಾಸರಿ 12,000. ಅದರಲ್ಲಿ 10,000ವನ್ನ ಹದಿನೆಂಟು ತಿಂಗಳು ಮೇಂಟೆನೆನ್ಸ್ ಬಿಲ್ಲಿನಲ್ಲೇ ಬೇರೆ ಸಾಲಾಗಿ ತೋರಿಸಿ ನೀವು ತಗೊಳ್ಳಿ, ಒಟ್ಟು 1,80,000 ಆಗುತ್ತೆ. ಮೇಲಿನ 30,000 ನಿಮ್ಮ ಬಡ್ಡಿಗೂ ತೊಂದರೆಗೂ. ಬಾಡಿಗೆದಾರರಿಗೆ ಮೊದಲ ತಿಂಗಳಿನಿಂದಲೇ 2,000 ಕಡಿಮೆ, ಹದಿನೆಂಟು ತಿಂಗಳಾದ ಮೇಲೆ ಪೂರ್ತಿ ಹನ್ನೆರಡೂ ಅವರದೇ. ಯಾರಾದರೂ ಮಧ್ಯದಲ್ಲಿ ಖಾಲಿ ಮಾಡಿದರೆ ಆ ಸಾಲು ಮುಂದೆ ಬರೋರಿಗೆ ದಾಟುತ್ತೆ. ಅವರು ಹಾಳೆಯನ್ನ ಎರಡು ಸಲ ಓದಿದರು. ಮಗನನ್ನ ಕರೆದು ಅವನಿಗೂ ಕೊಟ್ಟರು. ಜವಳಿ ಅಂಗಡಿಯವರು ಒಪ್ಪಿದರು. ಬ್ಯಾಂಕಿನ ಮ್ಯಾನೇಜರ್ ಸರ್ ಮೇಲಿನವರಿಗೆ ಬರೆದುಹಾಕಬೇಕು, ಬೇಸಿಗೆ ಮಳೆಗಾಲ ಎರಡೂ ಸೇರಿ ಒಂದು ವರ್ಷದ ಪೂರ್ತಿ ರೀಡಿಂಗ್ ಕೊಡಿ ಅಂದರು.

ನಮ್ಮ ಹತ್ತಿರ ಇರೋದು ಎಂಟು ತಿಂಗಳದ್ದು. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ಉಳಿದಿದೆ. ನಮ್ಮಲ್ಲಿ ಇಬ್ಬರು ಜುಲೈಗೆ ಬೆಂಗಳೂರಿಗೆ ಹೋಗ್ತೀವಿ, ಒಬ್ಬ ಪುಣೆಗೆ, ಇನ್ನೊಬ್ಬಳು ಗೇಟ್ ಬರೀತಾಳೆ. ಆರನೇ ಸೆಮಿಸ್ಟರಿನವರು ಯಾರಾದರೂ ಕೈ ಹಾಕ್ತೀವಿ ಅಂದರೆ ಪಂಪಿನ ಮೀಟರು ನೆಲಮಾಳಿಗೆಯಲ್ಲಿ ಮೆಟ್ಟಿಲಿನ ಎಡಗಡೆ ಇದೆ, ಪೆಟ್ಟಿಗೆಯ ಬೀಗದ ಕೈ ಮಷೀನ್ಸ್ ಲ್ಯಾಬಿನ ಸಹಾಯಕರ ಹತ್ತಿರ ಕೊಟ್ಟಿದ್ದೀವಿ. ಪ್ರತಿ ಸೋಮವಾರ ಬೆಳಗ್ಗೆ ಹತ್ತರೊಳಗೆ ಓದಬೇಕು, ಹತ್ತಕ್ಕೆ ಆಪರೇಟರ್ ಅಣ್ಣ ಟೀ ಕುಡಿಯೋಕೆ ಹೋಗ್ತಾನೆ.